ಟಿವಿ ಕಪಾಟಿನಲ್ಲಿ ಕೂಗುವ ಮಿನಿ ಪಿಸಿಯನ್ನು ತಣ್ಣಗಿಡುವುದು ಹೇಗೆ?

ಪ್ರಶ್ನೆ: ಆಫೀಸ್‌ನಲ್ಲಿ ಬಳಸಿ ಬಿಟ್ಟ ಮಿನಿ ಪಿಸಿಯೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು ಟಿವಿಗೆ ಜೋಡಿಸಿದ್ದೇನೆ. ಇಂಟೆಲ್ ಐ5-7500ಟಿ, 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಜೊತೆಗೆ ಸಿನಿಮಾಗಳಿಗೆ ಒಂದು ಹಾರ್ಡ್ ಡಿಸ್ಕ್. ವಿಂಡೋಸ್ 10ರಲ್ಲಿ ಸಿನಿಮಾ ಫೈಲ್ ಓಡಿಸಲು ಕೋಡಿ ಎಂಬ ತಂತ್ರಾಂಶ, ಕ್ರೋಮ್‌ನಲ್ಲಿ ಯೂಟ್ಯೂಬ್. ಟಿವಿ ಯೂನಿಟ್‌ನ ಕೆಳಗಿನ ಖಾನೆಯಲ್ಲಿ ಬಾಗಿಲು ಹಾಕಿ ಇಟ್ಟಿದ್ದೇನೆ. ಯೂಟ್ಯೂಬ್ ಹಚ್ಚಿದ ಹತ್ತು ನಿಮಿಷಕ್ಕೆ ಫ್ಯಾನ್ ಕೂಗಲು ಶುರು ಮಾಡುತ್ತದೆ. ಬೇಸಿಗೆಯಲ್ಲಿ ಡಬ್ಬಿಯ ಮೇಲೆ ಕೈ ಇಡಲು ಆಗುವುದಿಲ್ಲ. ಲ್ಯಾಪ್‌ಟಾಪ್ ಕೂಲಿಂಗ್ ಪ್ಯಾಡ್ ತಂದು ಕೆಳಗಿಟ್ಟೆ, ಫರಕು ಬೀಳಲಿಲ್ಲ. ಫ್ಯಾನ್ ಬದಲಿಸಬೇಕೇ, ಇಲ್ಲಾ ಫ್ಯಾನೇ ಇಲ್ಲದ ಹೊಸ ಡಬ್ಬಿ ಕೊಳ್ಳಬೇಕೇ?
– ಓದುಗರು, ಕಲಬುರಗಿ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಕೂಗಾಟ ಶುರುವಾಗುವುದು ಯೂಟ್ಯೂಬ್ ಹಚ್ಚಿದಾಗ ಎಂದು ಬರೆದಿದ್ದೀರಿ, ಕೋಡಿಯಲ್ಲಿ ಸಿನಿಮಾ ನೋಡುವಾಗಿನ ಮಾತು ಎತ್ತಿಲ್ಲ. ಕೋಡಿ ಸುಮ್ಮನೆ ಓಡುತ್ತಿದ್ದರೆ ನಿಮ್ಮ ತೊಂದರೆಯ ದೊಡ್ಡ ಪಾಲು ಸ್ಕ್ರೂಡ್ರೈವರ್ ಮುಟ್ಟದೆಯೇ ಬಗೆಹರಿಯುತ್ತದೆ. ಈ ಕೆಲಸಕ್ಕೆ ಒಂದು ಸರದಿ ಇದೆ: ಮೊದಲು ಬಿಸಿ ಹುಟ್ಟುವುದನ್ನು ತಗ್ಗಿಸಿ, ಆಮೇಲೆ ಹುಟ್ಟಿದ ಬಿಸಿಗೆ ಹೊರಹೋಗುವ ದಾರಿ ಮಾಡಿ, ಫ್ಯಾನಿಗೆ ಕೈ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ. ಬಹಳಷ್ಟು ಜನ ಇದನ್ನು ತಿರುಗಾಮುರುಗಾ ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ಅಳೆಯಿರಿ

ಕೈ ಇಟ್ಟು ನೋಡುವುದನ್ನು ಅಳತೆ ಎನ್ನಲಾಗದು. ಲೋಹದ ಮೈ 50 ಡಿಗ್ರಿಗೆ ಬಂದರೆ ಕೈ ತಡೆಯುವುದಿಲ್ಲ, ಆದರೆ ಒಳಗಿನ ಚಿಪ್‌ಗೆ 50 ಡಿಗ್ರಿ ಏನೂ ಅಲ್ಲ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಸೆನ್ಸರ್ ಪುಟ ತೆರೆಯಿರಿ. ಅಲ್ಲಿ ಪ್ರೊಸೆಸರಿನ ಬಿಸಿಯ ಜೊತೆಗೆ 'ಡಿಸ್ಟನ್ಸ್ ಟು ಟಿಜೆ ಮ್ಯಾಕ್ಸ್' ಎಂಬ ಸಾಲೊಂದು ಇರುತ್ತದೆ. ಚಿಪ್ ತನ್ನ ಗಡಿ ಮುಟ್ಟಲು ಇನ್ನೆಷ್ಟು ಡಿಗ್ರಿ ಉಳಿದಿದೆ ಎಂದು ಅದು ಹೇಳುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳ ಗಡಿ 100ರ ಆಸುಪಾಸು. ಹೆಸರಿನ ಕೊನೆಗೆ 'ಟಿ' ಇರುವ, 35 ವ್ಯಾಟ್‌ನ ಕಡಿಮೆ ವಿದ್ಯುತ್ತಿನ ಚಿಪ್‌ಗಳಲ್ಲಿ ಆ ಗಡಿ ಇನ್ನೂ ಕೆಳಗಿರುವುದುಂಟು. ಹಾಗಾಗಿ ಬಿಸಿ ಎಷ್ಟಿದೆ ಎನ್ನುವುದಕ್ಕಿಂತ ಗಡಿಗೆ ಎಷ್ಟು ಉಳಿದಿದೆ ಎಂದು ನೋಡುವುದೇ ವಾಸಿ. 15 ಡಿಗ್ರಿಗಿಂತ ಹೆಚ್ಚು ಉಳಿದಿದ್ದರೆ ನಿಶ್ಚಿಂತೆ. ಸೊನ್ನೆಗೆ ಬಂತೆಂದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಪರದೆಯ ಮೇಲೆ ಚಿತ್ರ ತಡವರಿಸುತ್ತದೆ.

ಇದರ ಜೊತೆಗೆ ಉದ್ದ ತಂತಿಯ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತನ್ನಿ. ಮೀನಿನ ತೊಟ್ಟಿಗೆ, ಫ್ರಿಜ್‌ಗೆ ಹಾಕುವಂಥದ್ದು ಸಾಕು. ಅದರ ತುದಿಯನ್ನು ಖಾನೆಯೊಳಗೆ, ಪಿಸಿ ಗಾಳಿ ಎಳೆದುಕೊಳ್ಳುವ ಬದಿಯಲ್ಲಿ ತೂಗುಬಿಡಿ. ಈಗ ಒಂದೇ ವಿಡಿಯೊವನ್ನು ಬಾಗಿಲು ಹಾಕಿ ಅರ್ಧ ಗಂಟೆ, ಬಾಗಿಲು ತೆಗೆದು ಅರ್ಧ ಗಂಟೆ ಓಡಿಸಿ, ಎರಡೂ ಸಲ ಕೋಣೆಯ ಬಿಸಿ, ಖಾನೆಯ ಬಿಸಿ, ಚಿಪ್‌ನ ಬಿಸಿ ಮೂರನ್ನೂ ಬರೆದಿಟ್ಟುಕೊಳ್ಳಿ. ಖಾನೆ ಕೋಣೆಗಿಂತ ಎಷ್ಟು ಬಿಸಿಯೋ ಅಷ್ಟು ಕಪಾಟಿನ ತಪ್ಪು. ಚಿಪ್ ಖಾನೆಗಿಂತ ಎಷ್ಟು ಬಿಸಿಯೋ ಅದರಲ್ಲಿ ಕೆಲಸದ ಹೊರೆ, ಧೂಳು, ಒಣಗಿದ ಪೇಸ್ಟ್ (ಚಿಪ್‌ನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸಲು ನಡುವೆ ಹಚ್ಚುವಂಥದ್ದು) ಮೂರೂ ಸೇರಿವೆ.

ಒಂದು ಲೆಕ್ಕ ನೋಡಿ. ನಿಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದಾಗ ಒಳಗೆ 37 ಇದೆಯೆಂದುಕೊಳ್ಳಿ. ಮುಚ್ಚಿದ ಖಾನೆ ಅದರ ಮೇಲೆ 12 ಡಿಗ್ರಿ ಏರಿಸಿದರೆ ಪಿಸಿ ಉಸಿರಾಡುವ ಗಾಳಿಯೇ 49. ಪೂರ್ತಿ ನಿಗದಿತ ಹೊರೆಯಲ್ಲಿ ಚಿಪ್ ಗಾಳಿಗಿಂತ 40 ಡಿಗ್ರಿ ಮೇಲೆ ನಿಲ್ಲುವುದು ಇಂಥ ಸಣ್ಣ ಡಬ್ಬಿಗಳಲ್ಲಿ ಸಾಮಾನ್ಯ. ಅಲ್ಲಿಗೆ 89. ಇದೇ ಪಿಸಿ ಡಿಸೆಂಬರ್ ರಾತ್ರಿ, ಬಾಗಿಲು ತೆಗೆದ ಖಾನೆಯಲ್ಲಿ ತಂಟೆ ಮಾಡದೆ ಓಡುತ್ತದೆ. ಕೂಲಿಂಗ್ ಪ್ಯಾಡ್ ಯಾಕೆ ಕೆಲಸ ಮಾಡಲಿಲ್ಲ ಎನ್ನುವುದೂ ಇಲ್ಲೇ ತಿಳಿಯುತ್ತದೆ. ಮುಚ್ಚಿದ ಖಾನೆಯಲ್ಲಿ ಅದು 49 ಡಿಗ್ರಿಯ ಅದೇ ಗಾಳಿಯನ್ನು ಸುತ್ತಿಸುತ್ತದೆ ಅಷ್ಟೇ.

ಯೂಟ್ಯೂಬ್ ಯಾಕೆ ಬಿಸಿ ಮಾಡುತ್ತದೆ

ವಿಡಿಯೊ ಫೈಲನ್ನು ಬಿಡಿಸಿ ಚಿತ್ರ ಮಾಡಲು ಎರಡು ದಾರಿಗಳಿವೆ. ಗ್ರಾಫಿಕ್ಸ್ ಭಾಗದಲ್ಲಿ ಅದಕ್ಕೆಂದೇ ಇರುವ ಪುಟ್ಟ ಸರ್ಕ್ಯೂಟ್ ಮಾಡಿದರೆ ಕೆಲವೇ ವ್ಯಾಟ್‌ನಲ್ಲಿ ಮುಗಿಯುತ್ತದೆ. ಆ ಬಗೆಯ ಫೈಲ್ ಅದಕ್ಕೆ ಗೊತ್ತಿಲ್ಲದಿದ್ದರೆ ಪ್ರೊಸೆಸರಿನ ನಾಲ್ಕೂ ಕೋರ್‌ಗಳು ಬೆವರು ಹರಿಸಬೇಕು. ವಿಡಿಯೊವನ್ನು ಕುಗ್ಗಿಸಿಡುವ ಈ ಬಗೆಗಳಿಗೆ ಕೋಡೆಕ್ ಎನ್ನುತ್ತಾರೆ. ಅವುಗಳಲ್ಲಿ ನಿಮ್ಮ 7ನೇ ಪೀಳಿಗೆಯ ಚಿಪ್‌ಗೆ ಎಚ್.264 ಗೊತ್ತು, 10 ಬಿಟ್ ಸೇರಿ ಎಚ್‌ಇವಿಸಿ ಗೊತ್ತು, ವಿಪಿ9 ಗೊತ್ತು. ಎವಿ1 ಗೊತ್ತಿಲ್ಲ. ಇಂಟೆಲ್‌ನಲ್ಲಿ ಎವಿ1 ಬಿಡಿಸುವ ಸರ್ಕ್ಯೂಟ್ ಬಂದದ್ದು 2020ರ 11ನೇ ಪೀಳಿಗೆಯಿಂದ. ಯೂಟ್ಯೂಬ್ ಇತ್ತೀಚೆಗೆ ಬಹಳಷ್ಟು ವಿಡಿಯೊಗಳನ್ನು ಎವಿ1ರಲ್ಲೇ ಕಳಿಸುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ವಿಡಿಯೊ ಓಡುವಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. 'ಕೋಡೆಕ್ಸ್' ಸಾಲಿನಲ್ಲಿ ಎವಿ01 ಎಂದಿದ್ದರೆ ಕಳ್ಳ ಸಿಕ್ಕ. ಪಕ್ಕದಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ಪುಟದ ಜಿಪಿಯು ಭಾಗದಲ್ಲಿ 'ವಿಡಿಯೊ ಡಿಕೋಡ್' ಗೆರೆ ನೋಡಿ. ಅದು ನೆಲ ಕಚ್ಚಿ ಮಲಗಿದ್ದು ಸಿಪಿಯು ಗೆರೆ ಏರಿದ್ದರೆ ಇನ್ನೇನೂ ಸಾಕ್ಷಿ ಬೇಡ.

ಪರಿಹಾರ: ಕ್ರೋಮ್‌ಗೆ 'ಎನ್‌ಹ್ಯಾನ್ಸ್‌ಡ್ ಎಚ್264ಇಫೈ' ಎಂಬ ಎಕ್ಸ್‌ಟೆನ್ಷನ್ ಹಾಕಿ, ಅದರ ಸೆಟ್ಟಿಂಗ್‌ನಲ್ಲಿ ಎವಿ1 ಒಂದನ್ನೇ ತಡೆಯಿರಿ. ವಿಪಿ9 ತಡೆಯಬೇಡಿ. ಎರಡನ್ನೂ ತಡೆದರೆ ಎಚ್.264 ಮಾತ್ರ ಉಳಿಯುತ್ತದೆ, ಯೂಟ್ಯೂಬ್ ಅದನ್ನು 1080ಪಿವರೆಗಷ್ಟೇ ಕೊಡುತ್ತದೆ. 6ನೇ ಪೀಳಿಗೆ ಅಥವಾ ಅದಕ್ಕೂ ಹಳೆಯ ಚಿಪ್ ಇರುವವರಿಗೆ ಮಾತ್ರ ಎರಡನ್ನೂ ತಡೆಯುವುದು ಸರಿ. ಜೊತೆಗೆ ಕ್ರೋಮ್ ಸೆಟ್ಟಿಂಗ್ಸ್‌ನ 'ಸಿಸ್ಟಮ್' ಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಷನ್ ಚಾಲೂ ಇದೆಯೇ ನೋಡಿ. ಯಾವುದೋ ಕಾಲದಲ್ಲಿ ಪರದೆ ಮಿನುಗಿತೆಂದು ಯಾರೋ ಅದನ್ನು ಆರಿಸಿಟ್ಟಿರುತ್ತಾರೆ, ಸೆಕೆಂಡ್‌ಹ್ಯಾಂಡ್ ಯಂತ್ರಗಳಲ್ಲಿ ಇದು ಮಾಮೂಲಿ. ಟಿವಿ ಫುಲ್ ಎಚ್‌ಡಿಯದ್ದಾಗಿದ್ದರೆ 4ಕೆ ಆರಿಸಿಕೊಳ್ಳುವುದರಲ್ಲಿ ಹೆಚ್ಚಿನ ಲಾಭವಿಲ್ಲ, ಕೆಲಸ ಮಾತ್ರ ಹೆಚ್ಚುತ್ತದೆ.

ಕೋಡಿಯಲ್ಲಿ ಸಿನಿಮಾ ಓಡುವಾಗ ಕೀಬೋರ್ಡಿನ 'ಓ' ಒತ್ತಿದರೆ ಡಿಕೋಡರ್ ಹೆಸರಿನ ಮುಂದೆ 'ಎಚ್‌ಡಬ್ಲ್ಯೂ' (ಹಾರ್ಡ್‌ವೇರ್, ಅಂದರೆ ಆ ಪುಟ್ಟ ಸರ್ಕ್ಯೂಟ್) ಎಂದು ಬರಬೇಕು. ಬಾರದಿದ್ದರೆ ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೊಸ್ ಎಂದು ಹೋಗಿ ಡಿಎಕ್ಸ್‌ವಿಎ2 ಚಾಲೂ ಮಾಡಿ. ಆ ಸಾಲು ಕಾಣದಿದ್ದರೆ ಸೆಟ್ಟಿಂಗ್ಸ್ ಹಂತವನ್ನು 'ಎಕ್ಸ್‌ಪರ್ಟ್'ಗೆ ಏರಿಸಬೇಕು.

ಇನ್ನೊಂದು ಚಿಕ್ಕ ತಿದ್ದುಪಡಿ ಟರ್ಬೊ ಬೂಸ್ಟ್‌ಗೆ, ಅಂದರೆ ಚಿಪ್ ಆಗಾಗ ತಾನೇ ವೇಗ ಏರಿಸಿಕೊಳ್ಳುವ ಏರ್ಪಾಟಿಗೆ. ನಿಮ್ಮ ಚಿಪ್‌ನ ಮೂಲ ವೇಗ 2.7 ಗಿಗಾಹರ್ಟ್ಸ್, ಟರ್ಬೊದಲ್ಲಿ 3.3. ಆ ಕೊನೆಯ ಸುಮಾರು ಐದನೇ ಒಂದು ಪಾಲು ವೇಗಕ್ಕೆ ವೋಲ್ಟೇಜ್ ಏರಬೇಕಾಗುವುದರಿಂದ ಬಿಸಿ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ, ಸಿನಿಮಾ ನೋಡುವುದಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು, 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇರುವುದನ್ನು 99 ಮಾಡಿ. ಒಂದು ಕಡಿಮೆ ಮಾಡಿದರೂ ಸಾಕು, ಟರ್ಬೊ ನಿಲ್ಲುತ್ತದೆ. ಫ್ಯಾನ್ ಆಗಾಗ ಗಕ್ಕನೆ ಏರಿ ಇಳಿಯುವ ಚಾಳಿ ಬಹುಮಟ್ಟಿಗೆ ಇದರಿಂದಲೇ ಹೋಗುತ್ತದೆ. ಮನುಷ್ಯನ ಕಿವಿಗೆ ಒಂದೇ ಸಮನೆಯ ಸದ್ದಿಗಿಂತ ಏರಿಳಿಯುವ ಸದ್ದೇ ಹೆಚ್ಚು ಕಿರಿಕಿರಿ.

ಕಪಾಟಿಗೆ ಉಸಿರು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಈ ಭಾಗ. ಎಷ್ಟು ಗಾಳಿ ಬೇಕು? ಬಿಸಿಯ ವ್ಯಾಟ್‌ಗಳನ್ನು 1.76ರಿಂದ ಗುಣಿಸಿ, ಎಷ್ಟು ಡಿಗ್ರಿ ಏರಿಕೆ ಒಪ್ಪಬಹುದೋ ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕೆಂದು ಸಿಗುತ್ತದೆ. ಫ್ಯಾನ್ ಡಬ್ಬಿಗಳ ಮೇಲೆ ಸಿಎಫ್‌ಎಂ ಎಂದು ಬರೆದಿರುವುದು ಇದನ್ನೇ. ಪಿಸಿ, ಹಾರ್ಡ್ ಡಿಸ್ಕ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಸೇರಿ 30 ವ್ಯಾಟ್, ಏರಿಕೆ 4 ಡಿಗ್ರಿಗೆ ನಿಲ್ಲಬೇಕು ಎಂದರೆ ಸುಮಾರು 13 ಸಿಎಫ್‌ಎಂ. ಇದು ತೀರಾ ಕಡಿಮೆ. 120 ಮಿ.ಮೀ. ಫ್ಯಾನೊಂದು ಕಿವಿಗೆ ಬೀಳದಷ್ಟು ನಿಧಾನವಾಗಿ, ನಿಮಿಷಕ್ಕೆ 600 ಸುತ್ತಿನಲ್ಲಿ ತಿರುಗಿದರೂ ಇಷ್ಟು ಗಾಳಿ ಸಾಗಿಸುತ್ತದೆ. ಕೊರತೆ ಇರುವುದು ದಾರಿಯದ್ದು.

ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಪಿಸಿಯನ್ನು ಖಾನೆಯಿಂದ ಆಚೆ ತರುವುದು. ಹೆಚ್ಚಿನ ಮಿನಿ ಪಿಸಿಗಳನ್ನು ವೆಸಾ ತಟ್ಟೆಯ (75 ಅಥವಾ 100 ಮಿ.ಮೀ. ಅಂತರದ ಸ್ಕ್ರೂ ತೂತುಗಳಿರುವ ಲೋಹದ ತಟ್ಟೆ) ಮೂಲಕ ಟಿವಿಯ ಬೆನ್ನಿಗೇ ಹಾಕಬಹುದು. ಟಿವಿಯ ಬೆನ್ನಿನ ಮೇಲ್ಭಾಗದ ಗಾಳಿಕಂಡಿಗಳ ಮುಂದೆ ಬೇಡ, ಕೆಳಗೋ ಬದಿಗೋ ಇರಲಿ. ಗೋಡೆಗೂ ಪಿಸಿಗೂ ನಡುವೆ ಎರಡು ಇಂಚಾದರೂ ಬಿಡಿ. ಟಿವಿ ಗೋಡೆಗೆ ಅಂಟಿಕೊಂಡಿದ್ದರೆ ಈ ದಾರಿ ಇಲ್ಲ.

ಖಾನೆಯಲ್ಲೇ ಇರಬೇಕು, ಬಾಗಿಲೂ ಹಾಕಿರಬೇಕು ಎಂದರೆ ಬಡಗಿಯನ್ನು ಕರೆಸಿ. ಹಿಂಬದಿಯ ಹಲಗೆಯ ಮೇಲ್ಮೂಲೆಯಲ್ಲಿ 110 ಮಿ.ಮೀ. ಹೋಲ್ ಸಾ ಹಾಕಿ ಒಂದು ತೂತು ಕೊರೆಸಿ. ಬಿಸಿ ಗಾಳಿಗೆ ಅದು ಹೊರದಾರಿ. ಅದರ ವಿಸ್ತೀರ್ಣ ಸುಮಾರು 95 ಚದರ ಸೆಂ.ಮೀ. ಒಳಬರುವ ದಾರಿ ಅದಕ್ಕಿಂತ ಕಡಿಮೆ ಇರಬಾರದು. ಕಂಪ್ಯೂಟರ್ ಮೇಜುಗಳಲ್ಲಿ ವೈರ್ ಇಳಿಸಲು ಕೊರೆಯುವ 60 ಮಿ.ಮೀ. ತೂತು ಒಂದಕ್ಕೆ 28 ಚದರ ಸೆಂ.ಮೀ., ಹಾಗಾಗಿ ಖಾನೆಯ ತಳದ ಹಲಗೆಯಲ್ಲಿ, ಮುಂಭಾಗಕ್ಕೆ ಹತ್ತಿರ, ಅಂಥ ನಾಲ್ಕು ತೂತು ಬೇಕು. ಯೂನಿಟ್ ನೆಲಕ್ಕೆ ಕೂತಿದ್ದರೆ ತಳದ ತೂತಿನಿಂದ ಗಾಳಿ ಬರುವುದಿಲ್ಲ. ಆಗ ಬಾಗಿಲಿನ ಕೆಳ ಅಂಚಿನಲ್ಲಿ ಅರ್ಧ ಇಂಚು ಕೊಯ್ಸಿ. ಎರಡು ಅಡಿ ಅಗಲದ ಬಾಗಿಲಿಗೆ ಅದರಿಂದ ಸುಮಾರು 75 ಚದರ ಸೆಂ.ಮೀ. ಸಿಗುತ್ತದೆ, ಉಳಿದದ್ದಕ್ಕೆ ಪಕ್ಕದ ಹಲಗೆಯ ಬುಡದಲ್ಲಿ ಒಂದು 60 ಮಿ.ಮೀ. ತೂತು. ಯೂನಿಟ್‌ನ ಬೆನ್ನು ಗೋಡೆಗೆ ಒತ್ತಿಕೊಂಡಿದ್ದರೆ ಹಿಂದಿನ ತೂತು ಗೋಡೆಯನ್ನು ನೋಡುತ್ತದೆಯೇ ಹೊರತು ಗಾಳಿ ಬಿಡುವುದಿಲ್ಲ. ಒಂದೋ ಯೂನಿಟ್ಟನ್ನು ಎರಡು ಇಂಚು ಮುಂದೆ ಎಳೆಯಿರಿ, ಇಲ್ಲವೇ ಆ ದೊಡ್ಡ ತೂತನ್ನು ಪಕ್ಕದ ಹಲಗೆಯ ಮೇಲ್ಭಾಗದಲ್ಲಿ ಕೊರೆಸಿ.

ಹೊರದಾರಿಯ ತೂತಿಗೆ 120 ಮಿ.ಮೀ. ಫ್ಯಾನ್ ಒಂದನ್ನು ಗಾಳಿ ಹೊರಗೆ ಎಸೆಯುವಂತೆ ಕೂರಿಸಿ. ಫ್ಯಾನ್ ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತಿರುತ್ತದೆ, ಇಲ್ಲದಿದ್ದರೆ ಸ್ಟಿಕರ್ ಇರುವ ಮುಖವೇ ಗಾಳಿ ಹೊರಬೀಳುವ ಮುಖ. 5 ವೋಲ್ಟ್‌ನ ಯುಎಸ್‌ಬಿ ಫ್ಯಾನ್ ಸಿಕ್ಕರೆ ಪಿಸಿಯ ಯುಎಸ್‌ಬಿಗೇ ಚುಚ್ಚಬಹುದು. 12 ವೋಲ್ಟ್‌ನ, 1200 ಸುತ್ತಿನ ಮಾಮೂಲಿ ಕ್ಯಾಬಿನೆಟ್ ಫ್ಯಾನನ್ನು 5 ವೋಲ್ಟ್‌ನಲ್ಲಿ ಓಡಿಸಿದರೆ ಹೆಚ್ಚುಕಡಿಮೆ 500 ಸುತ್ತಿಗೆ ಇಳಿಯುತ್ತದೆ. ಕೆಲವು ಫ್ಯಾನ್‌ಗಳು ಮಾತ್ರ 5 ವೋಲ್ಟ್‌ಗೆ ಮೇಲೇಳುವುದೇ ಇಲ್ಲ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪವರ್ ಬ್ಯಾಂಕಿಗೆ ಹಚ್ಚಿ ನೋಡಿ. ಸ್ಕ್ರೂವಿನ ಬದಲು ರಬ್ಬರ್ ಪಿನ್ ಹಾಕಿ. ಫ್ಯಾನಿನ ನಡುಕ ಪ್ಲೈವುಡ್ ಹಲಗೆಗೆ ದಾಟಿದರೆ ಇಡೀ ಯೂನಿಟ್ ತಬಲಾದ ಹಾಗೆ ಗುನುಗುತ್ತದೆ.

ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಬೇಕು ಎಂಬ ಹಟ ಯಾಕೆಂದರೆ, ಫ್ಯಾನಿನ ವೇಗ ಅರ್ಧಕ್ಕೆ ಇಳಿದಾಗ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಇದು ಭಾರಿ ಇಳಿಕೆ. ಪಿಸಿಯೊಳಗಿನ ಅಂಗೈಯಗಲದ ಬ್ಲೋವರ್ ಸಾವಿರಾರು ಸುತ್ತು ತಿರುಗಿ ಮಾಡುವ ಕೆಲಸದಲ್ಲಿ ಒಂದಷ್ಟನ್ನು ಈ ದೊಡ್ಡಣ್ಣನಿಗೆ ವಹಿಸಿದರೆ ಅದರ ಕೂಗು ತಾನಾಗಿ ಇಳಿಯುತ್ತದೆ.

ಖಾನೆಯೊಳಗೆ ಪಿಸಿಯ ಬಿಸಿಗಾಳಿ ಬಿಡುವ ಮುಖ ಹೊರದಾರಿಯ ಕಡೆಗೆ ತಿರುಗಿರಲಿ, ಹಲಗೆಗೆ ತೀರಾ ಹತ್ತಿರ ಬೇಡ. ಹಲಗೆಗೆ ಬಡಿದು ವಾಪಸ್ ಬಂದ ಗಾಳಿಯನ್ನೇ ಅದು ಮುಂದಿನಿಂದ ಎಳೆದುಕೊಳ್ಳುತ್ತದೆ. ಅಡಾಪ್ಟರನ್ನು ಖಾನೆಯಿಂದ ಹೊರಗಿಡಿ. ಹಾರ್ಡ್ ಡಿಸ್ಕನ್ನು ಪಿಸಿಯ ಬೆನ್ನ ಮೇಲೆ ಇಡಲೇಬೇಡಿ. ಸಾಮಾನ್ಯ ಹಾರ್ಡ್ ಡಿಸ್ಕ್‌ಗಳ ಮಿತಿ 60 ಡಿಗ್ರಿ, 49 ಡಿಗ್ರಿಯ ಖಾನೆಯಲ್ಲಿ ಚಿಪ್‌ಗಿಂತ ಮೊದಲು ಕಾಯಿಲೆ ಬೀಳುವುದು ಅದೇ. ಪ್ರತ್ಯೇಕವಾಗಿ, ಒಂದು ತುಂಡು ಸ್ಪಂಜಿನ ಮೇಲೆ ಇಟ್ಟರೆ ಅದರ ಗುರ್ ಎನ್ನುವ ಸದ್ದೂ ಅಡಗುತ್ತದೆ.

ನಿಮ್ಮ ಕಡೆ ಮನೆಮನೆಗೂ ಏರ್ ಕೂಲರ್ ಇರುವುದರಿಂದ ಒಂದು ಮಾತು. ಕೂಲರಿನ ಗಾಳಿ ನೇರವಾಗಿ ಯೂನಿಟ್ ಕಡೆ ಬೀಸದಿರಲಿ. ಗಾಳಿ ತಣ್ಣಗಿರುತ್ತದೆ ನಿಜ, ಆದರೆ ಅದರಲ್ಲಿ ಸಣ್ಣ ಹನಿಗಳೂ ಗಡಸು ನೀರಿನ ಬಿಳಿ ಪುಡಿಯೂ ಇರುತ್ತವೆ. ಆ ಪುಡಿ ಧೂಳಿನ ಜೊತೆ ಸೇರಿ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಗಾರೆಯಾಗಿ ಕೂರುತ್ತದೆ, ಊದಿದರೆ ಹೋಗುವುದಿಲ್ಲ.

ಬಿಚ್ಚಿ ಒರೆಸುವುದು

ಬಾಗಿಲು ತೆಗೆದಿಟ್ಟು, ಯಾವ ವಿಡಿಯೊವನ್ನೂ ಓಡಿಸದೆ ಬಿಟ್ಟಾಗಲೂ ಚಿಪ್ ಕೋಣೆಗಿಂತ 25 ಡಿಗ್ರಿ ಮೇಲಿದ್ದರೆ, ಸಿಪಿಯು ಬಳಕೆಯೂ ಕಡಿಮೆಯೇ ಇದ್ದರೆ, ಒಳಗೆ ಧೂಳು ಕಟ್ಟಿದೆ ಅಥವಾ ಪೇಸ್ಟ್ ಒಣಗಿದೆ. ಹಳೆಯ ಆಫೀಸ್ ಯಂತ್ರಗಳಲ್ಲಿ ಎರಡೂ ಇರುವುದೇ ಹೆಚ್ಚು.

ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮುಚ್ಚಳ ಜಾರಿಸಿದರೆ ಬ್ಲೋವರ್ ಕಾಣುತ್ತದೆ. ಮೇಲಿನಿಂದ ನೋಡಿ ಸ್ವಚ್ಛವಾಗಿದೆ ಎಂದು ಮುಚ್ಚಿಬಿಡಬೇಡಿ. ಕಸ ಕೂರುವುದು ಬ್ಲೋವರಿನ ಬಾಯಿಗೂ ಹೀಟ್‌ಸಿಂಕಿನ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ. ಹಾಸಿಗೆಯ ಹತ್ತಿ, ಕೂದಲು, ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಎಲ್ಲ ಒತ್ತಿಕೊಂಡು ಅಲ್ಲಿ ಬೂದುಬಣ್ಣದ ಕಂಬಳಿಯೇ ನೇಯ್ದಿರುತ್ತದೆ. ಬ್ಲೋವರಿನ ಮೂರು ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದರೆ ಒಂದೇ ತುಂಡಾಗಿ ಚಿಮಟದಲ್ಲಿ ಎಳೆಯಬಹುದು. ಬ್ಲೋವರನ್ನು ಬಿಚ್ಚದೆಯೇ ಊದಿದರೆ ಆ ಕಂಬಳಿ ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ. ಉಳಿದದ್ದನ್ನು ಪೇಂಟ್ ಬ್ರಷ್‌ನಿಂದ ಸಡಿಲಿಸಿ, ಬಿಸಿಗಾಳಿ ಹೊರಬೀಳುವ ಬದಿಯಿಂದ ಒಳಮುಖವಾಗಿ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಗಾಳಿಯ ರಭಸಕ್ಕೆ ಸುತ್ತಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಪೇಸ್ಟ್ ಬದಲಿಸುವ ಮೊದಲು ಪಿಸಿಯನ್ನು ಐದು ನಿಮಿಷ ಓಡಿಸಿ, ಆರಿಸಿ, ಬೆಚ್ಚಗಿರುವಾಗಲೇ ಹೀಟ್‌ಸಿಂಕ್ ಬಿಚ್ಚಿ. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ನೇರ ಮೇಲಕ್ಕೆ ಕೀಳದೆ ಎಡಬಲಕ್ಕೆ ತುಸು ತಿರುವಿ ಬಿಡಿಸಿ. ಎಎಂಡಿಯ ಎಎಂ4 ಯಂತ್ರಗಳಲ್ಲಿ ಕಿತ್ತರೆ ಪ್ರೊಸೆಸರೇ ಸಾಕೆಟ್ಟಿನಿಂದ ಎದ್ದು ಬಂದು ಕಾಲುಗಳು ಬಾಗುತ್ತವೆ. ಹಳೆಯ ಪೇಸ್ಟನ್ನು ಟಿಶ್ಯೂ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಲೋಹ ಹೊಳೆಯುವವರೆಗೆ ಒರೆಸಿ. ಹೊಸದನ್ನು ಒಂದು ತೊಗರಿಕಾಳಿನಷ್ಟು ನಡುಮಧ್ಯೆ ಇಟ್ಟರೆ ಸಾಕು, ಹೀಟ್‌ಸಿಂಕಿನ ಒತ್ತಡವೇ ಅದನ್ನು ಹರಡುತ್ತದೆ. ಬಿಗಿಯುವಾಗಲೂ ಅಷ್ಟೇ, ಎದುರುಬದುರು ಮೂಲೆಗೆ ಅರ್ಧ ಅರ್ಧ ಸುತ್ತು. ಒಂದೇ ಮೂಲೆಯನ್ನು ಮೊದಲು ಪೂರ್ತಿ ಬಿಗಿದರೆ ಇನ್ನೊಂದು ಬದಿಯಲ್ಲಿ ಸಂದಿ ಉಳಿದು, ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಟ್ರಾನ್ಸಿಸ್ಟರಿಗೆ ಹಚ್ಚುವ ಅಗ್ಗದ ಬಿಳಿ ಪೇಸ್ಟ್ ಸದ್ಯಕ್ಕೆ ನಡೆಯುತ್ತದೆ, ಬೇಗ ಒಣಗುತ್ತದೆ. 4 ಗ್ರಾಂನ ಒಳ್ಳೆಯ ಟ್ಯೂಬ್ ಒಂದು ಇಂಥ ಹಲವು ಯಂತ್ರಗಳಿಗೆ ಆಗುತ್ತದೆ. ಬ್ಲೋವರಿನ ವೈರನ್ನು ಮತ್ತೆ ಚುಚ್ಚಲು ಮರೆತರೆ ಪಿಸಿ ಫ್ಯಾನ್ ದೋಷ ಎಂದು ಪರದೆಯಲ್ಲೇ ಹೇಳೀತು, ಆದರೆ ಎಲ್ಲ ಯಂತ್ರಗಳೂ ಹೇಳುವುದಿಲ್ಲ. ಮುಚ್ಚಳ ಹಾಕುವ ಮುಂಚೆ ತಿರುಗುತ್ತಿದೆಯೇ ಕಣ್ಣಾರೆ ನೋಡಿ.

ಫ್ಯಾನ್ ಬದಲಿಸುವುದು ಯಾವಾಗ

ಹುಷ್ ಎಂಬ ಗಾಳಿಯ ಸದ್ದು ಎಷ್ಟೇ ಜೋರಿದ್ದರೂ ಫ್ಯಾನ್ ಕೆಟ್ಟಿಲ್ಲ. ಕರಕರ, ಟಿಕ್‌ಟಿಕ್, ಚಾಲೂ ಮಾಡಿದ ಮೊದಲ ನಿಮಿಷದ ಗುರ್‌ಗುರ್ ಇದ್ದರೆ ಬೇರಿಂಗ್ ಸವೆದಿದೆ. ಸ್ಟಿಕರ್ ಎತ್ತಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಕೆಲವು ವಾರ ತಳ್ಳಬಹುದು. ಕೊಬ್ಬರಿ ಎಣ್ಣೆ ಖಂಡಿತ ಬೇಡ, ಚಳಿಗೆ ಹೆಪ್ಪುಗಟ್ಟಿ ಫ್ಯಾನನ್ನೇ ಹಿಡಿದುಹಾಕುತ್ತದೆ. ಬದಲಿ ಕೊಳ್ಳುವಾಗ ಫೋಟೊ ನೋಡಿ ಆರ್ಡರ್ ಮಾಡಬೇಡಿ. ಹಳೆಯದರ ಸ್ಟಿಕರ್ ಮೇಲಿನ ಪಾರ್ಟ್ ನಂಬರ್, ವೋಲ್ಟ್, ಕನೆಕ್ಟರಿನ ಪಿನ್ ಎಷ್ಟು ಎನ್ನುವುದು ಮೂರೂ ತಾಳೆಯಾಗಬೇಕು. 5 ವೋಲ್ಟ್ ಮತ್ತು 12 ವೋಲ್ಟ್ ಬ್ಲೋವರ್‌ಗಳು ನೋಡಲು ಅಣ್ಣತಮ್ಮಂದಿರಂತೆಯೇ ಇರುತ್ತವೆ.

ಫ್ಯಾನಿಲ್ಲದ ಡಬ್ಬಿಯ ವಿಚಾರ. 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್‌ನ ನಿಗದಿತ ಹೊರೆ ಬರೇ 6 ವ್ಯಾಟ್, ಎವಿ1 ಸರ್ಕ್ಯೂಟೂ ಅದರಲ್ಲಿದೆ. ಮುಂದೆ ಬದಲಿಸುವ ಕಾಲ ಬಂದಾಗ ಅದು ಒಳ್ಳೆಯ ಆಯ್ಕೆಯೇ. ಆದರೆ ಅಂಥ ಡಬ್ಬಿಗಳಲ್ಲಿ ಹೊರಮೈಯೇ ಹೀಟ್‌ಸಿಂಕ್, ಅದರ ಸುತ್ತ ಗಾಳಿ ಆಡುತ್ತಿರಲೇಬೇಕು. ಈಗಿನ ನಿಮ್ಮ ಮುಚ್ಚಿದ ಖಾನೆಯಲ್ಲಿ ತಂದಿಟ್ಟರೆ ಅದು ಕೂಗುವುದಿಲ್ಲ, ನಿಜ. ಮೇ ತಿಂಗಳಲ್ಲಿ ಸದ್ದಿಲ್ಲದೆ ವೇಗ ಇಳಿಸಿಕೊಂಡು ಚಿತ್ರ ತಡೆತಡೆದು ಓಡುತ್ತದೆ, ಕಾರಣ ಹುಡುಕುವುದು ಇನ್ನೂ ಕಷ್ಟವಾಗುತ್ತದೆ. ಹಾಗಾಗಿ ಹೊಸ ಡಬ್ಬಿ ತರುವುದಾದರೂ ಬಡಗಿಯ ಕೆಲಸವನ್ನಂತೂ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ. ಬಡಗಿಯನ್ನು ಕರೆಸುವ ಮುಂಚೆ ಎವಿ1 ತಡೆದು, ಟರ್ಬೊ ಆರಿಸಿ, ಒಂದು ವಾರ ಬಾಗಿಲು ತೆಗೆದಿಟ್ಟು ನೋಡಿ. ಮೊದಲು ಬರೆದಿಟ್ಟ ಅಂಕಿಗಳ ಪಕ್ಕದಲ್ಲೇ ಹೊಸವನ್ನೂ ಬರೆಯಿರಿ. ತೂತು ಎಷ್ಟು ಕೊರೆಸಬೇಕು, ಫ್ಯಾನ್ ಬೇಕೋ ಬೇಡವೋ ಎಂದು ಆಗ ಬಡಗಿಗೆ ಹೇಳಬಹುದು.